ಅಂಜದೀವದಲ್ಲಿ ಎರಡು ಮಳೆಗಾಲ

ಅಂಕೋಲೆಯಿಂದ ಅಮದಳ್ಳಿಯ ಮೇಲೆ ಹಾದು ಕಾರವಾರಕ್ಕೆ ಹೋಗುವ ದಾರಿಯು ಒಂದು ಪಕ್ಕಕ್ಕೆ ಸಹ್ಯಾದ್ರಿಯ ಕವಲುಗಳನ್ನೂ ಮತ್ತೊಂದು ಪಕ್ಕಕ್ಕೆ ಪಶ್ಚಿಮ ಸಮುದ್ರವನ್ನೂ ಇಟ್ಟುಕೊಂಡು ಸಾಗುತ್ತದೆ. ಅಮದಳ್ಳಿಯನ್ನು ಹಿಂದೆ ಬಿಟ್ಟು ಉತ್ತರಕ್ಕೆ ನಡೆದ ಪಥಿಕನಿಗೆ ಅರಗಾ, ಬಿಣಗಾ ಗ್ರಾಮಗಳ ಎದುರಿನ ಕಡಲಿನಲ್ಲಿ ಒಂದು ದ್ವೀಪವು ಗೋಚರಿಸುವದು. ಅದರ ಹೆಸರು ಅಂಜದೀವ. ಉದ್ದವು ಸುಮಾರು ಒಂದು ಮೈಲು, ಅಗಲವು ಅತ್ಯಲ್ಪ. ದಡದಿಂದ ಅದು ಎಷ್ಟು ಸಮೀಪದಲ್ಲಿರುವದೆಂದರೆ, ಒಳ್ಳೆಯ ದಿನದಲ್ಲಿ ದೋಣಿಯವನು ಎಲೆಯಡಿಕೆ ಹಾಕಿಕೊಂಡು ಮುಗಿಸುವದರೊಳಗಾಗಿ ಅಲ್ಲಿಗೆ ತಲುಪಬಹುದೆಂದು ನೋಡುವವನಿಗೆ ತೋರುವದು. ಇಷ್ಟು ಸಮೀಪದ ನೆಲದ ಮೇಲೆ ನೂರಾರು ಮಂದಿ ಪ್ರಯಾಣಿಕರು ಸುಮಾರು ಎರಡು ವರ್ಷ ಸಿಕ್ಕಿಬಿದ್ದು, ಮುಂದೆ ಹೋಗಲಾರದೆ ಹಿಂದೆ ತಿರುಗಲಾರದೆ, ಒಬ್ಬರ ಹಿಂದೆ ಒಬ್ಬರು ಸತ್ತರೆಂಬ ಸಂಗತಿಯು ಈ ಸೀಮೆಯಲ್ಲಿಯೂ ಬಹು ಜನರಿಗೆ ತಿಳಿದಿಲ್ಲ. ಅವರ ಮೇಲೆ ಯಾವ ಶತ್ರುವೂ ಒಂದು ಗುಂಡನ್ನು ಹಾರಿಸಲಿಲ್ಲ. ಅವರನ್ನು ಕೊಂದದ್ದು ಒಂದು ಕಾಗದದ ಒಕ್ಕಣೆ, ಮತ್ತು ಕಾಯುವಿಕೆ.

ದ್ವೀಪದ ನಾಮನಿಷ್ಪತ್ತಿಯ ವಿಷಯದಲ್ಲಿ ವಿದ್ವಾಂಸರಲ್ಲಿ ಏಕಮತವಿಲ್ಲ. ಆಜ್ಯದ್ವೀಪವೆಂಬುದೇ ಅಂಜದೀವವಾಯಿತೆಂದು ಕೆಲವರು ಹೇಳುವರು. ಅಲ್ಲಿ ನೆಲೆಸಿದ್ದ ದುರ್ಗೆಯ ಹೆಸರಿನಿಂದ ಅದಕ್ಕೆ ಆ ಹೆಸರು ಬಂದಿತೆಂದು ಇನ್ನು ಕೆಲವರು ಹೇಳುವರು. ಅಂಕೋಲೆಯ ಆರ್ಯಾದುರ್ಗೆಯು ಮೊದಲು ಈ ದ್ವೀಪದಲ್ಲಿದ್ದಳೆಂದೂ, ಪೋರ್ತುಗೀಜರ ಕಾಲದಲ್ಲಿ ಭಕ್ತರು ಆಕೆಯನ್ನು ದಡಕ್ಕೆ ತಂದು ಅಂಕೋಲೆಯಲ್ಲಿ ಪ್ರತಿಷ್ಠಿಸಿದರೆಂದೂ ಐತಿಹ್ಯವುಂಟು. ಹಾಗಾದರೆ ಆ ದ್ವೀಪವನ್ನು ಬಿಟ್ಟು ಬಂದವರಲ್ಲಿ ದೇವಿಯೇ ಮೊದಲಿಗಳೆನ್ನಬಹುದು. ಅಲ್ಲಿ ಸಿಹಿನೀರಿನ ಬುಗ್ಗೆಗಳುಂಟು. ಸಮುದ್ರಯಾನ ಮಾಡುವವರಿಗೆ ನೀರು ಅನ್ನಕ್ಕಿಂತ ಮೊದಲಿನದು. ಆದುದರಿಂದಲೇ ಹಡಗುಗಳು ಅಲ್ಲಿ ತಂಗುತ್ತಿದ್ದವು. ಪೋರ್ತುಗೀಜರು ಅಲ್ಲಿ ಕಟ್ಟಿದ ಇಗರ್ಜಿಗೆ ಬುಗ್ಗೆಗಳ ಮಾತೆಯ ಹೆಸರನ್ನೇ ಇಟ್ಟದ್ದು ಈ ಕಾರಣದಿಂದಲೇ.

ಆ ದ್ವೀಪದಲ್ಲಿ ಭಯವು ಮನುಷ್ಯನಿಂದ ಏನು ಮಾಡಿಸುವದೆಂಬುದಕ್ಕೆ ಇನ್ನೂ ಹಿಂದಿನ ಒಂದು ನಿದರ್ಶನವುಂಟು. 1498ರಲ್ಲಿ ವಾಸ್ಕೋ ಡ ಗಾಮಾ ಎಂಬ ನಾವಿಕನು ಕಲ್ಲಿಕೋಟೆಯ ಸಾಮೂದಿರಿಯೊಡನೆ ವಿರಸ ಕಟ್ಟಿಕೊಂಡು ಸ್ವದೇಶಕ್ಕೆ ಹಿಂದಿರುಗುವಾಗ, ಹಡಗುಗಳನ್ನು ದುರಸ್ತಿ ಮಾಡುವದಕ್ಕೂ ನೀರು ತುಂಬುವದಕ್ಕೂ ಸಪ್ಟೆಂಬರ ತಿಂಗಳ ಕೊನೆಯಲ್ಲಿ ಅಂಜದೀವದಲ್ಲಿ ಇಳಿದನು. ಅವನ ಜನರು ದಣಿದಿದ್ದರು, ಮತ್ತು ಬೆನ್ನಟ್ಟಿ ಬರುವವರ ಅಂಜಿಕೆಯಲ್ಲಿದ್ದರು. ಆಗ ನಡುವಯಸ್ಸಿನ ಒಬ್ಬ ಪುರುಷನು ಅವರ ಬಳಿಗೆ ಬಂದು ವೆನಿಸ್ ಪಟ್ಟಣದ ಭಾಷೆಯಲ್ಲಿ ಸ್ನೇಹದಿಂದ ಮಾತನಾಡಿದನು. ತಮ್ಮ ಕಡೆಯ ಭಾಷೆಯನ್ನು ಈ ದೂರದೇಶದಲ್ಲಿ ಕೇಳಿದವರಿಗೆ ಸಂತೋಷವಾಗಬೇಕಾಗಿತ್ತು. ಆದರೆ ಅಂಜಿದವರಿಗೆ ಪರಿಚಿತವಾದ ಮಾತೇ ಹೆಚ್ಚು ಸಂಶಯವನ್ನುಂಟುಮಾಡಿತು. ಅವನನ್ನು ಹಿಡಿದು ಛಡಿಯಿಂದ ಹೊಡೆದರು. ಕೊನೆಗೆ ಅವನು, ತಾನು ಗೋವೆಯ ಅಧಿಪತಿಯ ಸೇವೆಯಲ್ಲಿರುವವನೆಂದೂ ಹಡಗುಗಳ ಸ್ಥಿತಿಯನ್ನು ತಿಳಿಯುವದಕ್ಕೆ ಬಂದವನೆಂದೂ ಒಪ್ಪಿಕೊಂಡನು. ಅವನನ್ನು ತಮ್ಮೊಡನೆ ಕೊಂಡೊಯ್ದು, ಮತಾಂತರಗೊಳಿಸಿ, ಗಾಸ್ಪಾರ ಡ ಗಾಮಾ ಎಂಬ ಹೆಸರನ್ನಿಟ್ಟರು. ಮುಂದೆ 1500ರಲ್ಲಿ ಕಬ್ರಾಲನ ನೌಕಾಯಾತ್ರೆಯಲ್ಲಿ ಅವನೇ ದುಭಾಷಿಯಾಗಿ ಬಂದನು. ಸಂಶಯವು ಈ ಸಲ ನಿಜವಾಗಿ ಪರಿಣಮಿಸಿತೆಂಬುದು ಬೇರೆ ಮಾತು. ಹೊಡೆಯುವಾಗ ಹೊಡೆಯುವವರಿಗೆ ಅದು ತಿಳಿದಿರಲಿಲ್ಲ. 1505ರಲ್ಲಿ ಅಲ್ಮೇಡಾ ಎಂಬ ಪೋರ್ತುಗೀಜ ಅಧಿಕಾರಿಯು ಇಲ್ಲಿ ಒಂದು ಕೋಟೆಯನ್ನು ಕಟ್ಟಿಸಿದನು. ಆದರೆ ಅದನ್ನು ಕಾಯುವದು ಕಠಿನವಾಗಿ, ಎರಡು ವರ್ಷ ಕಳೆಯುವದರೊಳಗಾಗಿ ಪೋರ್ತುಗೀಜರೇ ಅದನ್ನು ಕೆಡವಿ ಹೊರಟುಹೋದರು.

ಇನ್ನು ಪ್ರಸ್ತುತ ವಿಷಯಕ್ಕೆ ಬರೋಣ. 1661ರಲ್ಲಿ ಇಂಗ್ಲಂಡದ ಅರಸನಾದ ಎರಡನೆಯ ಚಾರ್ಲ್ಸನಿಗೂ ಪೋರ್ತುಗಾಲದ ರಾಜಕುಮಾರಿಯಾದ ಕ್ಯಾಥರೀನಳಿಗೂ ವಿವಾಹವು ನಿಶ್ಚಯವಾಗಿ ಕರಾರುಪತ್ರವಾಯಿತು. ಆ ಪತ್ರದ ಒಂದು ಕಲಮಿನ ಮೇರೆಗೆ ಮುಂಬಯಿಯ ದ್ವೀಪವನ್ನು ಇಂಗ್ಲಂಡದ ಅರಸನಿಗೆ ಕೊಡತಕ್ಕದ್ದೆಂದು ಗೊತ್ತಾಯಿತು. ಇದಕ್ಕೆ ಪ್ರತಿಯಾಗಿ ಡಚ್ಚರ ಉಪದ್ರವದಿಂದ ಪೋರ್ತುಗೀಜರ ಪ್ರದೇಶಗಳನ್ನು ರಕ್ಷಿಸುವದಕ್ಕೆ ಇಂಗ್ಲೀಷರು ನೆರವಾಗಬೇಕಾಗಿತ್ತು. ಮುಂಬಯಿಯನ್ನು ವಶಪಡಿಸಿಕೊಳ್ಳುವದಕ್ಕಾಗಿ 1662ರ ವಸಂತದಲ್ಲಿ ಮಾರ್ಲಬರೋ ಪ್ರಭುವಿನ ಅಧೀನದಲ್ಲಿ ಐದು ಹಡಗುಗಳು ಹೊರಟವು. ಸರ್ ಅಬ್ರಹಾಂ ಶಿಪ್‌ಮನ್ ಎಂಬವನು ಮುಂಬಯಿಯ ಭಾವೀ ಅಧಿಕಾರಿ. ಅವನ ಕೈಕೆಳಗೆ ಸುಮಾರು ನಾಲ್ಕು ನೂರು ಮಂದಿ ಸಿಪಾಯಿಗಳು. ವಿಚಿತ್ರವೇನೆಂದರೆ, ಮುಂಬಯಿಯನ್ನು ಒಪ್ಪಿಸಿಕೊಡತಕ್ಕ ಪೋರ್ತುಗೀಜ ಅಧಿಪತಿಯಾದ ಅಂತೋನಿಯೋ ಡಿ ಮೆಲ್ಲೋ ಡಿ ಕಾಸ್ತ್ರೋ ಎಂಬವನೂ ಇದೇ ನೌಕಾಸಮುದಾಯದಲ್ಲಿ ಸಹಪ್ರಯಾಣಿಕನಾಗಿದ್ದನು. ಕೊಡುವವನೂ ಕೊಳ್ಳುವವನೂ ಒಂದೇ ಕಡಲನ್ನು ಒಂದೇ ಕಾಲಕ್ಕೆ ದಾಟಿ ಬಂದರು.

ಸಪ್ಟೆಂಬರದಲ್ಲಿ ಹಡಗುಗಳು ಮುಂಬಯಿಯ ಮುಂದೆ ಲಂಗರು ಹಾಕಿದವು. ಆಗ ತಂಟೆಯು ಆರಂಭವಾಯಿತು. ಕೊಡಬೇಕಾದದ್ದು ಮುಂಬಯಿಯ ದ್ವೀಪವೊಂದೇ ಎಂದು ಪೋರ್ತುಗೀಜರು ಹೇಳಿದರೆ, ಸಾಷ್ಟಿಯೇ ಮೊದಲಾದ ಸುತ್ತಣ ಸ್ಥಳಗಳೂ ಅದರಲ್ಲಿ ಸೇರಿವೆಯೆಂದು ಇಂಗ್ಲೀಷರು ಹೇಳಿದರು. ಶಿಪ್‌ಮನ್ನನ ಅಧಿಕಾರಪತ್ರವು ಕ್ರಮಬದ್ಧವಾಗಿಲ್ಲವೆಂದು ಪೋರ್ತುಗೀಜರು ಮತ್ತೊಂದು ಆಕ್ಷೇಪವನ್ನು ತೆಗೆದರು. ಡಿ ಮೆಲ್ಲೋನು ಈ ಕೊಡುಗೆಯನ್ನು ಮನಸಾರೆ ಒಪ್ಪಿರಲಿಲ್ಲವೆಂಬುದರಲ್ಲಿ ಸಂದೇಹವಿಲ್ಲ. ಇಂಗ್ಲೀಷರು ಮುಂಬಯಿಯಲ್ಲಿ ಕಾಲೂರಿದ ದಿನವೇ ಪೋರ್ತುಗೀಜರಿಗೆ ಹಿಂದುಸ್ಥಾನವು ಕೈಬಿಟ್ಟಂತೆ ಎಂಬ ಅರ್ಥದಲ್ಲಿ ಮುಂದೆ ಅವನು ತನ್ನ ಅರಸನಿಗೆ ಬರೆದನು. ಅವನ ದೃಷ್ಟಿಯಿಂದ ನೋಡಿದರೆ ಅವನ ಹಟಕ್ಕೆ ಕಾರಣವಿಲ್ಲದಿರಲಿಲ್ಲ. ಡಚ್ಚರ ವಿರುದ್ಧ ಬರಬೇಕಾದ ನೆರವು ಬರಲಿಲ್ಲ. 1663ರ ಜನೇವರಿಯಲ್ಲಿ ಕೊಚ್ಚಿಯು ಡಚ್ಚರ ಪಾಲಾಯಿತು. ಮಾತನ್ನು ನಡಿಸದವರಿಗೆ ಊರನ್ನೇಕೆ ಕೊಡಬೇಕೆಂದು ಪೋರ್ತುಗೀಜರು ಕೇಳಿದರೆ ಅದಕ್ಕೆ ಉತ್ತರವು ಸುಲಭವಾಗಿರಲಿಲ್ಲ.

ಆದರೆ ಹಡಗುಗಳಲ್ಲಿದ್ದ ನಾಲ್ಕು ನೂರು ಮಂದಿಯ ಗತಿಯೇನು? ಆರು ತಿಂಗಳ ಯಾನದಿಂದ ಅವರು ಬಳಲಿದ್ದರು. ಉಪ್ಪು ಹಾಕಿದ ಮಾಂಸ ಮತ್ತು ಒಣ ರೊಟ್ಟಿಯ ಆಹಾರದಿಂದ ರೋಗಗಳು ಹುಟ್ಟುವದು ಆ ಕಾಲದ ಸಮುದ್ರಯಾನದಲ್ಲಿ ಸಾಮಾನ್ಯವಾಗಿತ್ತು. ಅವರನ್ನು ಎಲ್ಲಿಯಾದರೂ ನೆಲದ ಮೇಲೆ ಇಳಿಸಲೇಬೇಕಾಗಿತ್ತು. ಸುರತದಲ್ಲಿ ಇಂಗ್ಲೀಷರ ಕಂಪನಿಯ ಕೋಠಿಯಿತ್ತು. ಅದರ ಅಧ್ಯಕ್ಷನು ಸರ್ ಜಾರ್ಜ್ ಆಕ್ಸೆಂಡನ್. ಆದರೆ ಸುರತವು ಮೊಗಲ ಪಾತಶಾಹನ ಪಟ್ಟಣ. ಪರರಾಜನ ಸಿಪಾಯಿಗಳು ಶಸ್ತ್ರಧಾರಿಗಳಾಗಿ ಅಲ್ಲಿ ಇಳಿದರೆ ಪಾತಶಾಹನ ಅಧಿಕಾರಿಯು ಕಂಪನಿಯ ವ್ಯಾಪಾರಕ್ಕೇ ಕುತ್ತು ತರುವನೆಂದು ಆಕ್ಸೆಂಡನ್ನನು ಅಂಜಿದನು, ಇಳಿಸಬಾರದೆಂದು ಬೇಡಿಕೊಂಡನು. ಅವನ ಅಂಜಿಕೆಯೂ ಸಕಾರಣವಾದದ್ದೇ. ಹೀಗೆ ಪ್ರತಿಯೊಬ್ಬ ಅಧಿಕಾರಿಯ ಕೈಯಲ್ಲಿಯೂ ಒಂದು ಯುಕ್ತವಾದ ಕಾರಣವಿತ್ತು. ಆ ಯುಕ್ತ ಕಾರಣಗಳೆಲ್ಲ ಕೂಡಿ ನಾಲ್ಕು ನೂರು ಮಂದಿಗೆ ನಿಲ್ಲಲು ನೆಲವಿಲ್ಲದಂತಾಯಿತು. ಶಾಸ್ತ್ರಜ್ಞರು ಉಭಯತಃಪಾಶಾ ರಜ್ಜುವೆಂದು ಕರೆಯುವ, ಎರಡು ತುದಿಗೂ ಕುಣಿಕೆಯುಳ್ಳ ಹಗ್ಗವು ಇದೇ. ಗಂಡಹೆಂಡಿರ ಜಗಳದಲ್ಲಿ ಕೂಸು ಬಡವಾಯಿತೆಂದು ನಮ್ಮವರು ಹೇಳುವರು. ಇಲ್ಲಿಯಂತೂ ಜಗಳವು ಒಂದು ಮದುವೆಯ ಉಡುಗೊರೆಯಿಂದಲೇ ಹುಟ್ಟಿತ್ತು.

ಯಾರದೂ ಅಲ್ಲದ ನೆಲವನ್ನು ಹುಡುಕುತ್ತ ಅವರು ದಕ್ಷಿಣಕ್ಕೆ ಬಂದರು. ಅಂಜದೀವವು ಆಗ ನಿರ್ಜನವಾಗಿತ್ತು. ಹಳೆಯ ಕೋಟೆಯು ಕೆಡವಿ ಒಂದೂವರೆ ಶತಮಾನವಾಗಿತ್ತು. 1662ರ ಕೊನೆಯಲ್ಲಿ ಶಿಪ್‌ಮನ್ನನು ತನ್ನ ಜನರೊಡನೆ ಅಲ್ಲಿ ಇಳಿದನು. ಮಾರ್ಲಬರೋ ಪ್ರಭುವು ತನ್ನ ಯುದ್ಧನೌಕೆಗಳನ್ನು ತೆಗೆದುಕೊಂಡು ಇಂಗ್ಲಂಡಕ್ಕೆ ಹಿಂದಿರುಗಿದನು. ಹಡಗುಗಳ ಪಾಯಿಗಳು ದಿಗಂತದಲ್ಲಿ ಮರೆಯಾದ ಮೇಲೆ ದ್ವೀಪದಲ್ಲಿ ಉಳಿದವರಿಗೆ ತಮ್ಮ ಸ್ಥಿತಿಯು ಪೂರ್ಣವಾಗಿ ಅರ್ಥವಾಗಿರಬೇಕು.

ಇಲ್ಲಿ ವಾಚಕರಿಗೆ ಒಂದು ಸಂಶಯವು ಬರಬಹುದು. ದಡವು ಕಣ್ಣೆದುರಿಗೇ ಇರುವಾಗ ಅವರು ದಾಟಿ ಬರಲಿಲ್ಲವೇಕೆ? ದಡದ ಸೀಮೆಯು ಆಗ ವಿಜಾಪುರದ ಆದಿಲಶಾಹಿಗೆ ಸೇರಿತ್ತು. ಅಪ್ಪಣೆಯಿಲ್ಲದೆ ಶಸ್ತ್ರಧಾರಿಗಳ ತಂಡವು ಅಲ್ಲಿ ಇಳಿಯುವದೆಂದರೆ ಯುದ್ಧವನ್ನು ಕರೆದಂತೆ. ಶಸ್ತ್ರಗಳನ್ನು ಬಿಟ್ಟು ಒಬ್ಬೊಬ್ಬನಾಗಿ ಓಡಿಹೋಗುವದೆಂದರೆ ಅರಸನ ಸೇವೆಗೆ ದ್ರೋಹ. ಮತ್ತು ಭಾಷೆಯರಿಯದ, ಹಣವಿಲ್ಲದ ಪರದೇಶಿಯು ಹೋಗುವದಾದರೂ ಎಲ್ಲಿಗೆ? ಅಂಥ ಬಂಧನಕ್ಕೆ ಗೋಡೆಗಳು ಬೇಡ. ರಾತ್ರಿಯ ಹೊತ್ತು ದಡದ ಹಳ್ಳಿಗಳ ದೀಪಗಳು ಅವರಿಗೆ ಕಾಣುತ್ತಿದ್ದಿರಬೇಕು. ಅವರ ಬೆಂಕಿಯೂ ಹಳ್ಳಿಗರಿಗೆ ಕಾಣುತ್ತಿದ್ದಿರಬೇಕು. ನಡುವಿನ ಅಲ್ಪ ನೀರನ್ನು ದಾಟುವದಕ್ಕೆ ಬೇಕಾದದ್ದು ದೋಣಿಯಲ್ಲ, ಅಪ್ಪಣೆ.

1663ರ ಜೂನದಲ್ಲಿ ಮಳೆಗಾಲವು ಬಂದಿತು. ಈ ತೀರದ ಮಳೆಯನ್ನು ಈ ತೀರದವರಿಗೆ ಬಣ್ಣಿಸಬೇಕಾದದ್ದಿಲ್ಲ. ವರ್ಷಕ್ಕೆ ನೂರು ಅಂಗುಲಕ್ಕೂ ಮೀರಿ ಸುರಿಯುವ ಈ ಮಳೆಯ ಬಹುಭಾಗವು ನಾಲ್ಕೇ ತಿಂಗಳುಗಳಲ್ಲಿ ಬೀಳುತ್ತದೆ. ಕಡಲು ಏಳುತ್ತದೆ, ಸಣ್ಣ ದೋಣಿಗಳು ದಡವನ್ನು ಸೇರುತ್ತವೆ, ಹೊರಗಿನಿಂದ ಯಾವ ಹಡಗೂ ಬರುವದಿಲ್ಲ. ಈ ನಾಡಿನ ಮನುಷ್ಯನು ಮೇ ತಿಂಗಳೊಳಗಾಗಿ ಮನೆಗೆ ಹೊದಿಕೆ ಹಾಕಿ, ಅಕ್ಕಿ, ಒಣಮೀನು, ಕಟ್ಟಿಗೆಗಳನ್ನು ಕೂಡಿಟ್ಟು, ಆಮೇಲೆ ಮುಗಿಲನ್ನು ನೋಡುತ್ತಾನೆ. ಪರದೇಶದಿಂದ ಬಂದ ಸಿಪಾಯಿಗಳಿಗೆ ಈ ತಿಳಿವಳಿಕೆಯು ಎಲ್ಲಿಂದ ಬರಬೇಕು? ಆಶ್ರಯವು ಸಾಲದಾಯಿತು, ಆಹಾರವು ಸಾಲದಾಯಿತು, ಚಳಿಜ್ವರ, ಆಮಾತಿಸಾರಗಳು ಹಬ್ಬಿದವು. ಬೇಸರವನ್ನು ಕಳೆಯುವದಕ್ಕೆ ಸೇವಿಸಿದ ಸಾರಾಯಿಯೂ ಅನೇಕರ ನಾಶಕ್ಕೆ ಕಾರಣವಾಯಿತೆಂದು ಆ ಕಾಲದವರೇ ಬರೆದಿಟ್ಟಿದ್ದಾರೆ. ಆದರೆ ಕುಡಿತವನ್ನು ದೂರುವವರು ಕಾಯುವಿಕೆಯ ದುಃಖವನ್ನೂ ಎಣಿಸಬೇಕು. ಆಗ ಇಂಗ್ಲಂಡಕ್ಕೆ ಒಂದು ಪ್ರಶ್ನೆಯು ಹೋಗಿ ಉತ್ತರವು ಬರುವದಕ್ಕೆ ಒಂದು ವರ್ಷವಾದರೂ ಬೇಕಾಗಿತ್ತು. ಪ್ರಶ್ನೆಯು ತಲುಪಿತೋ ಇಲ್ಲವೋ ಎಂಬುದು ಸಹ ಉತ್ತರ ಬರುವ ವರೆಗೆ ತಿಳಿಯುತ್ತಿರಲಿಲ್ಲ. ನಾಳೆ ಯುದ್ಧವಿದೆಯೆಂದರೆ ಸಿಪಾಯಿಯು ಧೈರ್ಯವನ್ನು ತಂದುಕೊಳ್ಳಬಲ್ಲನು. ನಾಳೆ ಏನೂ ಇಲ್ಲ, ನಾಡದು ಏನೂ ಇಲ್ಲವೆಂದರೆ ಧೈರ್ಯವು ಯಾವುದನ್ನು ಹಿಡಿದು ನಿಲ್ಲಬೇಕು?

ಮಳೆ ನಿಂತಿತು, ಮತ್ತೆ ಬೇಸಗೆ ಬಂದಿತು, ಆಜ್ಞೆಯು ಬರಲಿಲ್ಲ. 1664ರ ಏಪ್ರಿಲದಲ್ಲಿ ಶಿಪ್‌ಮನ್ನನೇ ದ್ವೀಪದಲ್ಲಿ ತೀರಿಕೊಂಡನು. ಮುಂಬಯಿಯ ಅಧಿಕಾರಿಯೆಂದು ಹೊರಟವನು ಮುಂಬಯಿಯ ನೆಲದ ಮೇಲೆ ಆಳುವ ಯೋಗವಿಲ್ಲದೆ ಅಂಜದೀವದ ಮಣ್ಣಿನಲ್ಲಿ ಮಣ್ಣಾದನು. ಅವನ ಕಾರ್ಯದರ್ಶಿಯಾದ ಹಂಫ್ರಿ ಕುಕ್ಕನು ಅಧಿಕಾರವನ್ನು ವಹಿಸಿಕೊಂಡನು. ಎರಡನೆಯ ಮಳೆಗಾಲವು ಮೊದಲನೆಯದಕ್ಕಿಂತ ಕರುಣೆಯುಳ್ಳದ್ದಾಗಿರಲಿಲ್ಲ. ಆ ನಡುವೆ ಇಂಗ್ಲಂಡದ ಅರಸನ ಒತ್ತಾಯದಿಂದ ಪೋರ್ತುಗಾಲದಿಂದ ಹೊಸ ಆಜ್ಞೆಗಳು ಬಂದವು. ಆದರೆ ಆಗಲೂ ಗೋವೆಯಲ್ಲಿ ಒಂದು ಹೊಸ ತೊಡಕು ಎದ್ದಿತು: ಕಾಗದಪತ್ರಗಳು ಶಿಪ್‌ಮನ್ನನ ಹೆಸರಿಗಿವೆ, ಶಿಪ್‌ಮನ್ನನೋ ಸತ್ತಿರುವನು, ಕುಕ್ಕನಿಗೆ ಒಪ್ಪಿಸಬಹುದೇ? ಕಾಗದವನ್ನು ಕಾಯುತ್ತ ಸತ್ತವನು ಸತ್ತದ್ದೇ ಕಾಗದಕ್ಕೆ ದೋಷವಾಯಿತು. ಕೊನೆಗೆ 1665ರ ಜನೇವರಿಯಲ್ಲಿ ಕುಕ್ಕನು ಸುತ್ತಣ ಸ್ಥಳಗಳ ಮೇಲಿನ ಹಕ್ಕನ್ನು ಬಿಟ್ಟುಕೊಟ್ಟು, ಪೋರ್ತುಗೀಜರು ಹೇಳಿದ ಕರಾರುಗಳಿಗೆಲ್ಲ ರುಜು ಹಾಕಿದನು. ಫೆಬ್ರುವರಿಯಲ್ಲಿ ಮುಂಬಯಿಯು ಅವನ ವಶವಾಯಿತು. ಆ ದಿನ ಅವನೊಡನೆ ಉಳಿದಿದ್ದ ಸಾಮಾನ್ಯ ಸಿಪಾಯಿಗಳ ಸಂಖ್ಯೆಯು 97 ಎಂದು ಲೆಕ್ಕವು ಸಿಗುತ್ತದೆ. ಮೇಲಿನ ಕೆಲವು ಸಣ್ಣ ಅಧಿಕಾರಿಗಳನ್ನು ಕೂಡಿಸಿದರೂ ಬಂದವರಲ್ಲಿ ಮೂರನೆಯ ಒಂದು ಪಾಲಿನಷ್ಟೂ ಆಗುವದಿಲ್ಲ.

ಕುಕ್ಕನಿಗೆ ಮೆಚ್ಚುಗೆಯೇನೂ ದೊರೆಯಲಿಲ್ಲ. ಹಕ್ಕುಗಳನ್ನು ಅಗ್ಗಕ್ಕೆ ಮಾರಿದನೆಂದು ಅವನ ಅರಸನು ಆ ಕರಾರನ್ನು ಒಪ್ಪಲಿಲ್ಲ. 1666ರಲ್ಲಿ ಅವನ ಸ್ಥಾನಕ್ಕೆ ಬೇರೊಬ್ಬನು ಬಂದನು. ಇತಿಹಾಸಕಾರರು ಸಹ ಕುಕ್ಕನನ್ನು ಹೆಚ್ಚಾಗಿ ಹೊಗಳುವದಿಲ್ಲ. ಆದರೆ ಲಂಡನ್ನಿನಲ್ಲಿ ಕುಳಿತವನಿಗೆ ಸಾಷ್ಟಿಯು ಒಂದು ಹಕ್ಕಾಗಿತ್ತು. ಎರಡು ಮಳೆಗಾಲ ಹೆಣಗಳನ್ನು ಹೂಳಿದವನಿಗೆ ಮೂರನೆಯ ಮಳೆಗಾಲವು ಒಂದು ಲೆಕ್ಕವಾಗಿತ್ತು. ಅಂದು ಅವನು ರುಜು ಹಾಕದಿದ್ದರೆ ಆ 97 ಮಂದಿಯಲ್ಲಿ ಮುಂದಿನ ದೀಪಾವಳಿಯ ಹೊತ್ತಿಗೆ ಎಷ್ಟು ಮಂದಿ ಉಳಿಯುತ್ತಿದ್ದರೆಂಬುದನ್ನು ಎಣಿಸಿಯೇ ಅವನ ತಪ್ಪನ್ನು ತೂಗುವದು ನ್ಯಾಯ.

ಇದೇ 1665ರ ಫೆಬ್ರುವರಿಯಲ್ಲಿ ಈ ಕರಾವಳಿಯಲ್ಲಿ ಮತ್ತೊಂದು ದೊಡ್ಡ ಸಂಗತಿಯು ನಡೆಯಿತು. ಶಿವಾಜಿ ಮಹಾರಾಜರು ಹಡಗುಗಳ ಸಮೂಹದೊಡನೆ ಬಸರೂರಿಗೆ ಬಂದು, ಅದನ್ನು ಸೂರೆಗೊಂಡು, ಹಿಂದಿರುಗುವಾಗ ಗೋಕರ್ಣದಲ್ಲಿ ತೀರ್ಥಸ್ನಾನ ಮಾಡಿ, ಅಂಕೋಲೆಯ ಮೇಲೆ ಕಾರವಾರಕ್ಕೆ ನಡೆದರು. ಕಾರವಾರದ ವರ್ತಕರು ಕಾಣಿಕೆ ಕೂಡಿಸಿ ಊರನ್ನು ಉಳಿಸಿಕೊಂಡರು. ಅದರಲ್ಲಿ ಇಂಗ್ಲೀಷರ ಕೋಠಿಯ ಪಾಲು 112 ಪೌಂಡುಗಳು. ಅಂಜದೀವದ ಶೇಷಜನರು ಮುಂಬಯಿಯಲ್ಲಿ ಇಳಿದದ್ದೂ, ಮರಾಠರ ಸೈನ್ಯವು ಅಂಜದೀವದ ಎದುರಿನ ದಡದ ಮೇಲೆ ಬಂದದ್ದೂ ಒಂದೇ ತಿಂಗಳಿನಲ್ಲಿ. ಮುಂದಿನ ನೂರೈವತ್ತು ವರ್ಷಗಳ ಪಶ್ಚಿಮ ಹಿಂದುಸ್ಥಾನದ ಇತಿಹಾಸವನ್ನು ನಡಿಸಿದ ಎರಡು ಶಕ್ತಿಗಳು ಹೀಗೆ ಒಂದೇ ಕಾಲಕ್ಕೆ ಹೆಜ್ಜೆಯಿಟ್ಟವು. ಒಂದು ಹೆಜ್ಜೆಯು ಸಿಂಹದ್ದು. ಮತ್ತೊಂದು ಜ್ವರದಿಂದ ನಡುಗುವ ಕಾಲುಗಳದ್ದು. ಯಾವುದು ಎಲ್ಲಿಗೆ ಮುಟ್ಟುವದೆಂದು ಅಂದು ನೋಡಿದವರು ಯಾರೂ ಹೇಳಲಾರದವರಾಗಿದ್ದರು.

1668ರಲ್ಲಿ ಇಂಗ್ಲಂಡದ ಅರಸನು ಮುಂಬಯಿಯನ್ನು ವರ್ಷಕ್ಕೆ ಹತ್ತು ಪೌಂಡುಗಳ ಗುತ್ತಿಗೆಗೆ ಕಂಪನಿಗೆ ಕೊಟ್ಟುಬಿಟ್ಟನು. ಮುನ್ನೂರು ಜೀವಗಳು ಕಾಯುತ್ತ ಸತ್ತ ವಸ್ತುವಿನ ವಾರ್ಷಿಕ ಬೆಲೆಯು ಇದು. ಅರಸನ ಸಿಪಾಯಿಗಳಲ್ಲಿ ಉಳಿದವರನ್ನು ಕಂಪನಿಯು ತನ್ನ ಸೇವೆಗೆ ತೆಗೆದುಕೊಂಡಿತು. ಮುಂದೆ ಕಂಪನಿಯ ಮುಂಬಯಿ ಯುರೋಪಿಯನ್ ಪಲಟಣವೆಂದು ಹೆಸರಾದ ದಳದ ಮೂಲವು ಇದರಲ್ಲಿಯೇ ಇದೆ. ಆ ಮಹಾನಗರದ ಚರಿತ್ರೆಯನ್ನು ಬರೆಯುವವರು ಇದನ್ನು ಒಂದೆರಡು ವಾಕ್ಯಗಳಲ್ಲಿ ಹೇಳಿ ಮುಂದೆ ಸಾಗುವರು. ಈ ದಡದಲ್ಲಿ ನಿಂತು ನೋಡುವವರಿಗೆ ಮಾತ್ರ ಅದು ಅಷ್ಟು ಚಿಕ್ಕದಾಗಿ ಕಾಣುವದಿಲ್ಲ.

ದ್ವೀಪದ ಮುಂದಿನ ಕಥೆಯನ್ನು ಸಂಕ್ಷೇಪವಾಗಿ ಹೇಳಬಹುದು. 1682ರಲ್ಲಿ ಪೋರ್ತುಗೀಜರು ಅಲ್ಲಿ ಮತ್ತೆ ಕೋಟೆಯನ್ನು ಕಟ್ಟಿ ನೆಲೆಸಿದರು. ಹಿಂದುಸ್ಥಾನವು ಸ್ವತಂತ್ರವಾದ ಮೇಲೆಯೂ ಅದು ಅವರಲ್ಲಿಯೇ ಉಳಿಯಿತು. 1961ರ ನವೆಂಬರದಲ್ಲಿ ದ್ವೀಪದ ಸಮೀಪದಿಂದ ಹಾದು ಹೋಗುತ್ತಿದ್ದ ಸಾಬರಮತಿ ಎಂಬ ಪ್ರಯಾಣಿಕರ ಹಡಗಿನ ಮೇಲೆ ಅಲ್ಲಿಯ ಪಹರೆಯವರು ಗುಂಡು ಹಾರಿಸಿದರು. ಅದೇ ತಿಂಗಳಲ್ಲಿ ಮೀನುಗಾರನೊಬ್ಬನು ಅವರ ಗುಂಡಿಗೆ ಬಲಿಯಾದನು. ಮುನ್ನೂರು ವರ್ಷಗಳ ಹಿಂದೆ ದ್ವೀಪದ ಮೇಲಿನವರು ಭಯದಿಂದ ದಡವನ್ನು ನೋಡುತ್ತಿದ್ದರು. ಆಗ ಕಡಲಿನ ಮೇಲಿನ ಪ್ರಯಾಣಿಕರು ಭಯದಿಂದ ದ್ವೀಪವನ್ನು ನೋಡುವಂತಾಯಿತು. ಮರು ತಿಂಗಳು 18ನೆಯ ತಾರೀಖಿಗೆ ಭಾರತದ ನೌಕಾದಳದವರು ಅಲ್ಲಿ ಇಳಿದರು. ಏಳು ಮಂದಿ ನಾವಿಕರು ಪ್ರಾಣ ಕೊಟ್ಟ ಮೇಲೆ ದ್ವೀಪವು ಭಾರತದ್ದಾಯಿತು. ಆಮೇಲೆ ಸೀಬರ್ಡ್ ಎಂಬ ನೌಕಾನೆಲೆಯ ಯೋಜನೆಗಾಗಿ ಈ ತೀರದ ಅನೇಕ ಹಳ್ಳಿಗಳ ಜನರು ಮನೆಮಠಗಳನ್ನು ಬಿಟ್ಟುಕೊಟ್ಟರು. ಕದಂಬ ಎಂಬ ಹೆಸರಿನ ನೆಲೆಯು 2005ರಲ್ಲಿ ಸೇವೆಗೆ ಸೇರಿತು. ಅಲೆಗಳನ್ನು ತಡೆಯುವ ಕಲ್ಲಿನ ಕಟ್ಟೆಯಿಂದ ದ್ವೀಪವು ದಡಕ್ಕೆ ಕೂಡಿಕೊಂಡಿದೆ. ಶಿಪ್‌ಮನ್ನನ ಜನರು ದಾಟಲಾರದ ನೀರಿನ ಮೇಲೆ ಈಗ ದಾರಿಯಿದೆ. ಆದರೂ ಸಾಮಾನ್ಯ ಮನುಷ್ಯನು ಅಲ್ಲಿಗೆ ಹೋಗಬೇಕಾದರೆ ಇಂದಿಗೂ ಅಪ್ಪಣೆಯು ಬೇಕು.

ಆ ನಾಲ್ಕು ನೂರು ಮಂದಿಯು ಸಾಧುಗಳಾಗಿದ್ದರೆಂದು ಯಾರೂ ಹೇಳಬೇಕಾದದ್ದಿಲ್ಲ. ಪರರ ನೆಲವನ್ನು ಕೊಳ್ಳುವದಕ್ಕೆ ಬಂದವರು ಅವರು. ಅವರ ಹಿಂದಿನಿಂದ ಬಂದವರು ಈ ದೇಶವನ್ನೇ ಆಳಿದರು. ಆದರೆ ಕರಾರುಪತ್ರಕ್ಕೆ ರುಜು ಹಾಕಿದವರು ಬೇರೆ, ಅದರ ಒಕ್ಕಣೆಯ ದೋಷಕ್ಕಾಗಿ ಸತ್ತವರು ಬೇರೆ. ಚಾರ್ಲ್ಸನ ಹೆಸರು, ಕ್ಯಾಥರೀನಳ ಹೆಸರು, ಡಿ ಮೆಲ್ಲೋನ ಹೆಸರು ಪುಸ್ತಕಗಳಲ್ಲಿವೆ. ಬದುಕಿ ಉಳಿದವರ ಸಂಖ್ಯೆಯಾದರೂ ಲೆಕ್ಕದಲ್ಲಿದೆ. ಸತ್ತವರ ಸಂಖ್ಯೆಯನ್ನು ತಿಳಿಯಬೇಕಾದರೆ ಬಂದವರ ಮೊತ್ತದಿಂದ ಉಳಿದವರ ಮೊತ್ತವನ್ನು ಕಳೆಯಬೇಕು. ಪಾಠಶಾಲೆಯ ಹುಡುಗನು ಪಾಟಿಯ ಮೇಲೆ ಮಾಡುವ ಆ ವಜಾಬಾಕಿಯ ಹೊರತು ಅವರಿಗೆ ಬೇರೆ ಸ್ಮಾರಕವಿಲ್ಲ.

ಅಮದಳ್ಳಿಯ ದಾರಿಯಿಂದ ಕಾರವಾರಕ್ಕೆ ಹೋಗುವವರು ಮಳೆಗಾಲದ ಒಂದು ದಿನ ಬಿಣಗಾದ ಬಳಿ ಕ್ಷಣಕಾಲ ನಿಂತು ಪಶ್ಚಿಮಕ್ಕೆ ನೋಡಬೇಕು. ಜಡಿಮಳೆಯ ತೆರೆಯ ಹಿಂದೆ ದ್ವೀಪವು ಒಮ್ಮೆ ಕಾಣುವದು, ಒಮ್ಮೆ ಮರೆಯಾಗುವದು. ಅಲ್ಲಿಂದ ಈ ದಡವೂ ಹಾಗೆಯೇ ಕಾಣುತ್ತಿದ್ದಿತು.